ಮಳೆ ತಂದ ಮುನಿಯ ನಾಡಿನಲ್ಲಿ

ಶೃಂಗೇರಿಯಿಂದ ಸ್ವಲ್ಪ ದೂರ, ನರಸಿಂಹ ಪರ್ವತದ ತಪ್ಪಲಲ್ಲಿ ಕಿಗ್ಗ ಎಂಬ ಪುಟ್ಟ ಊರಿದೆ. ಅಲ್ಲಿರುವುದು ಋಷ್ಯಶೃಂಗೇಶ್ವರನ ಗುಡಿ. ಬರದಿಂದ ಬೆಂದ ಅಂಗದೇಶಕ್ಕೆ ಋಷ್ಯಶೃಂಗ ಮುನಿ ಕಾಲಿಟ್ಟೊಡನೆ ಮಳೆ ಸುರಿಯಿತೆಂಬುದು ರಾಮಾಯಣದ ಕಥೆ. ಮಳೆ ಬಾರದಿದ್ದರೂ, ಬಂದದ್ದು ನಿಲ್ಲದಿದ್ದರೂ ಸುತ್ತಲಿನವರು ಮೊರೆಹೋಗುವುದು ಈ ದೇವರಿಗೇ.

ಕಥೆ ಹೇಗೂ ಇರಲಿ, ಬಯಲುಸೀಮೆಗೆ ನೀರು ಹೋಗುವುದು ಇಂದಿಗೂ ಈ ಸೀಮೆಯಿಂದಲೇ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ, ಹರಿಹರಪುರಗಳನ್ನು ಹಾದರೆ, ಭದ್ರೆ ಬಾಳೆಹೊನ್ನೂರನ್ನು ಹಾದು ಹೋಗುತ್ತಾಳೆ. ಕೂಡ್ಲಿಯಲ್ಲಿ ಒಂದಾಗಿ ವಿಜಯನಗರ, ಕೊಪ್ಪಳ, ರಾಯಚೂರಿನ ಒಣನೆಲಕ್ಕೆ ಇಳಿಯುತ್ತಾರೆ.

ಶೃಂಗೇರಿಯಿಂದ ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಬಸ್ಸಿನಲ್ಲಿ ಹೊರಟರೆ, ಮಳೆ ಕಡಿಮೆಯಾಗುತ್ತ ಹೋಗುವುದನ್ನು ಮರಗಳೇ ಹೇಳುತ್ತವೆ. ನಿತ್ಯಹಸಿರಿನ ಕಾಡು ಹಿಂದಾಗಿ, ಬೇಸಿಗೆಯಲ್ಲಿ ಎಲೆಯುದುರಿಸುವ ಮರಗಳು ಎದುರಾಗುತ್ತವೆ. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಸುಮಾರು ಅರ್ಧಕ್ಕಿಳಿದಿರುತ್ತದೆ.

ದಾರಿಯುದ್ದಕ್ಕೂ ಕಾಣುವ ಇನ್ನೊಂದು ಬದಲಾವಣೆ ಮನುಷ್ಯನದು. ಕಣಿವೆಯ ಭತ್ತದ ಗದ್ದೆಗಳಲ್ಲಿ ಈಗ ಅಡಿಕೆ ಸಸಿಗಳು ನಿಂತಿವೆ. ಗದ್ದೆಯೆಂದರೆ ಬದು ಕಟ್ಟಿದ ಕಿರುಕೆರೆ. ಮಳೆಗಾಲವಿಡೀ ನಿಂತ ನೀರು ನಿಧಾನವಾಗಿ ಇಂಗಿ, ಕೆಳಗಿನ ಬಾವಿಗೆ, ಹಳ್ಳಕ್ಕೆ ಒರತೆಯಾಗಿ ಬರುತ್ತಿತ್ತು. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕಾಗಿ ತೆಗೆದ ಬಸಿಗಾಲುವೆ ನೀರನ್ನು ಬೇಗನೆ ಹೊರಗೆ ಹಾಕುತ್ತದೆ. ಬೇಸಿಗೆ ಬಂದರೆ ಅದೇ ತೋಟಕ್ಕೆ ಕೊಳವೆ ಬಾವಿಯ ನೀರು ಬೇಕು!

ಹಾಗೆಂದು ರೈತನನ್ನು ದೂರುವಂತಿಲ್ಲ. ಭತ್ತ ಬೆಳೆದರೆ ಖರ್ಚೇ ಹುಟ್ಟದು, ನಾಟಿಗೆ ಆಳು ಸಿಗದು. ಈ ಮೂರೂ ತಾಲ್ಲೂಕುಗಳ ಹಳೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದನ್ನು ವಾಸಿಮಾಡುವ ಔಷಧವಿಲ್ಲ. ತೋಟ ಹೋದವನು ಗದ್ದೆಗೆ ಅಡಿಕೆ ಹಾಕದೆ ಮತ್ತೇನು ಮಾಡಿಯಾನು?

ಇದರ ಮೇಲೆ ಮಳೆಯ ಲಯವೂ ಕೆಟ್ಟಿದೆ. 2019ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಮಳೆಗೆ ಮಲೆನಾಡಿನ ಗುಡ್ಡಗಳು ಕುಸಿದವು. ನಾಲ್ಕೇ ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಒಮ್ಮೆಲೇ ಸುರಿದ ಮಳೆಯನ್ನು ಹಿಡಿದಿಡಲು ಕಾಡಿನ ದರಗು ಬೇಕು, ಗದ್ದೆಯ ಬದು ಬೇಕು. ಅವಿಲ್ಲದಿದ್ದರೆ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರಿಗೊಡ.

ಹಿಂದೆ ಎಡೇಹಳ್ಳಿಯೆಂದು ಕರೆಸಿಕೊಳ್ಳುತ್ತಿದ್ದ ನರಸಿಂಹರಾಜಪುರದ ಬಳಿ, ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರು ಚಾಚಿಕೊಂಡಿದೆ. ದಾವಣಗೆರೆಯ ಗದ್ದೆಗಳು ಕಾಯುವುದು ಈ ನೀರಿಗೆ. ಭದ್ರಾ ಮೇಲ್ದಂಡೆ ಯೋಜನೆಯಿಂದಾಗಿ ಚಿತ್ರದುರ್ಗವೂ ಇತ್ತಲೇ ನೋಡುತ್ತಿದೆ. ಮಲೆನಾಡಿನವನು ಗದ್ದೆ ಉಳಿಸಿಕೊಂಡರೆ ಲಾಭ ಬಯಲಿಗೂ ಉಂಟು. ನಷ್ಟ ಮಾತ್ರ ಅವನೊಬ್ಬನದು. ಆ ನಷ್ಟದಲ್ಲಿ ಪಾಲು ಹೊರುವವರು ಯಾರು? ಇದಕ್ಕೆ ಉತ್ತರ ಸಿಗುವವರೆಗೆ ಕಿಗ್ಗದ ದೇವರೊಬ್ಬನ ಮೇಲೆ ಭಾರ ಹಾಕಿ ಕೂರುವುದು ನ್ಯಾಯವಲ್ಲ.