ಬೀಗರ ಬೇರುಗಳನ್ನು ಅರಸಿ ಜೇಲಂಡಿಗೆ

ಮಗಳನ್ನು ಕೊಡುವ ಮುನ್ನ ವರನ ಕಡೆಯ ಮೂಲ ಊರು, ಮನೆತನ, ಹೊಲಮನೆಗಳನ್ನು ವಿಚಾರಿಸುವುದು ನಮ್ಮ ಕಡೆಯ ರೂಢಿ. ನಮ್ಮ ಮಗಳು ನೆದರ್ಲೆಂಡ್ಸ್ ದೇಶದ ವರನನ್ನು ತಾನೇ ಆರಿಸಿಕೊಂಡಾಗ ಈ ವಿಚಾರಣೆಗೆ ಆಸ್ಪದವಾಗಲಿಲ್ಲ. ಮದುವೆಗೆಂದು ಬಾಗಲಕೋಟೆಗೆ ಬಂದ ಬೀಗರು ನಾಲ್ಕು ದಿನ ಸಂತೋಷದಿಂದ ಇದ್ದು ಹಿಂದಿರುಗಿದರು. ಅವರ ಹಿರಿಯರು ಯಾರು, ಎಲ್ಲಿಯವರು ಎಂಬುದು ನಮಗೆ ತಿಳಿಯದೆಯೇ ಉಳಿಯಿತು. 2023ರ ಮೇ ತಿಂಗಳ ಆರಂಭದಲ್ಲಿ ನಾವು ದಂಪತಿಗಳು ಅವರ ನಾಡಿಗೆ ಹೋಗುವ ಯೋಗ ಕೂಡಿಬಂದಿತು. ಎಂಟು ವರ್ಷದ ಮೊಮ್ಮಗನು ರಜೆಯಲ್ಲಿ ವಂಶವೃಕ್ಷವನ್ನು ಬರೆಯಬೇಕಾಗಿತ್ತು. ತಾಯಿಯ ಕಡೆಯದನ್ನು ನಾವು ಹೇಳತಕ್ಕದ್ದು, ತಂದೆಯ ಕಡೆಯದನ್ನು ಬೀಗರು ಹೇಳತಕ್ಕದ್ದು ಎಂದು ಅವನೇ ಗೊತ್ತುಮಾಡಿದ್ದನು.

ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳನ್ನೂ ಟ್ಯೂಲಿಪ್ ತೋಟಗಳನ್ನೂ ಓದುಗರು ಬೇರೆಡೆ ಓದಿಯೇ ಇರುತ್ತಾರೆ. ಅವುಗಳ ವರ್ಣನೆ ಇಲ್ಲಿ ಬೇಡ. ಬೀಗರ ಮೂಲವು ದೇಶದ ನೈಋತ್ಯ ಅಂಚಿನ ಜೇಲಂಡ್ ಪ್ರಾಂತದಲ್ಲಿದೆ. ಜೇಲಂಡ್ ಎಂದರೆ ಕಡಲನಾಡು. ನ್ಯೂಜಿಲೆಂಡ್ ದೇಶಕ್ಕೆ ಹೆಸರು ಬಂದುದು ಈ ಪುಟ್ಟ ಪ್ರಾಂತದಿಂದಲೇ ಎಂದು ಕೇಳಿ ನಮಗೆ ಆಶ್ಚರ್ಯವಾಯಿತು. ನಾವು 'ಹಾಲೆಂಡ್' ಎಂದಾಗಲೆಲ್ಲ ಬೀಗರು ನಗುತ್ತಲೇ ತಿದ್ದುತ್ತಿದ್ದರು. ಹನ್ನೆರಡು ಪ್ರಾಂತಗಳಲ್ಲಿ ಎರಡಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆಯಂತೆ. ಕರ್ನಾಟಕದವರನ್ನೆಲ್ಲ ಬೆಂಗಳೂರಿನವರೆಂದು ಕರೆದರೆ ನಮಗೆ ಹೇಗಾಗುತ್ತದೆಯೋ ಅವರಿಗೂ ಹಾಗೆಯೇ.

ಮೊದಲು ಪ್ರಾಂತದ ಮುಖ್ಯ ಪಟ್ಟಣವಾದ ಮಿಡಲ್‌ಬರ್ಗಿನ ದಾಖಲೆಗಳ ಭಂಡಾರಕ್ಕೆ ಹೋದೆವು. ನೆಪೋಲಿಯನ್ನನ ಆಳ್ವಿಕೆಯಲ್ಲಿ, 1811ರಿಂದ, ಆ ದೇಶದಲ್ಲಿ ಜನನ, ವಿವಾಹ, ಮರಣಗಳನ್ನು ಸರಕಾರವು ಕ್ರಮವಾಗಿ ಬರೆದಿಡತೊಡಗಿತು. ಅಡ್ಡಹೆಸರು ಇಲ್ಲದವರು ಒಂದನ್ನು ಇಟ್ಟುಕೊಳ್ಳಬೇಕೆಂಬ ಆಜ್ಞೆಯೂ ಅದೇ ವರ್ಷದ್ದು. ಅವರ ಅಡ್ಡಹೆಸರುಗಳು ನಮಗೆ ಪರಕೀಯವೆನಿಸಲಿಲ್ಲ. ಬಕ್ಕರ್ ಎಂದರೆ ರೊಟ್ಟಿ ಸುಡುವವನು, ವಿಸ್ಸರ್ ಎಂದರೆ ಮೀನುಗಾರ, ಮುಲ್ಡರ್ ಎಂದರೆ ಗಿರಣಿಯವನು. ನಮ್ಮ ಬಡಿಗೇರ, ಗಾಣಿಗೇರ, ಅಂಗಡಿಯವರು ಅಲ್ಲಿಯೂ ಇದ್ದಾರೆ! ಬೀಗರ ಅಡ್ಡಹೆಸರಿಗೆ 'ಏರಿಯವರು' ಎಂದು ಅರ್ಥ. ಕಡಲನ್ನು ತಡೆಯಲು ಕಟ್ಟಿದ ಮಣ್ಣಿನ ಏರಿಯ ಬಳಿ ವಾಸಿಸಿದವರು.

ವಿವಾಹದ ದಾಖಲೆಯೊಂದರಲ್ಲಿ ವಧೂವರರ ವಯಸ್ಸು, ಕಸುಬು, ಇಬ್ಬರ ತಂದೆತಾಯಿಗಳ ಹೆಸರು ಎಲ್ಲವೂ ಇರುವುದರಿಂದ ಒಂದು ತಲೆಮಾರಿನಿಂದ ಹಿಂದಿನದಕ್ಕೆ ಮೆಟ್ಟಿಲಿಳಿದಂತೆ ಇಳಿಯಬಹುದು. ನಾಲ್ಕು ಮೆಟ್ಟಿಲು ಇಳಿದಾಗ ಕೂಲಿಕಾರನೊಬ್ಬನು ದೊರೆತನು. ಅವನ ಸಹಿಯ ಸ್ಥಳದಲ್ಲಿ, ಬರೆಯಲು ಕಲಿತಿಲ್ಲವಾದ್ದರಿಂದ ಸಹಿ ಮಾಡಲಾರನೆಂದು ಗುಮಾಸ್ತನು ಬರೆದಿದ್ದನು. ಬೀಗರು ಆ ಸಾಲನ್ನು ಬೆರಳಿನಿಂದ ತೋರಿಸಿ ಬಹಳ ಹೊತ್ತು ಸುಮ್ಮನಿದ್ದರು. ನಮ್ಮ ಮುತ್ತಜ್ಜನವರೂ ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರೇ ಎಂದು ಮಗಳ ಮೂಲಕ ತಿಳಿಸಿದೆವು.

ಅದರ ಹಿಂದಕ್ಕೆ ದಾರಿ ಇರಲಿಲ್ಲ. 1811ಕ್ಕೂ ಹಿಂದಿನ ಹೆಸರುಗಳು ಚರ್ಚುಗಳ ಪುಸ್ತಕಗಳಲ್ಲಿದ್ದವು. 1940ರ ಮೇ ತಿಂಗಳಲ್ಲಿ ಯುದ್ಧದ ಬೆಂಕಿಯು ಮಿಡಲ್‌ಬರ್ಗನ್ನು ಸುಟ್ಟಾಗ ಅವುಗಳಲ್ಲಿ ಬಹುಪಾಲು ಬೂದಿಯಾದವು. ಅದೇ ಭಂಡಾರದಲ್ಲಿ 1720ರಲ್ಲಿ ಸ್ಥಾಪಿತವಾದ ಮಿಡಲ್‌ಬರ್ಗ್ ವ್ಯಾಪಾರಿ ಕಂಪನಿಯ ಕಾಗದಪತ್ರಗಳು ಮಾತ್ರ ಉಳಿದಿವೆ. ಆಫ್ರಿಕದ ಜನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ಸಾಗಿಸಿದ ಲೆಕ್ಕಗಳು ಅವು. ಬಡವನ ಹೆಸರು ಸುಟ್ಟುಹೋಗಿ, ಮನುಷ್ಯರನ್ನು ಮಾರಿದವರ ಲೆಕ್ಕ ಉಳಿದುದನ್ನು ಬೀಗರೇ ವಿಷಾದದಿಂದ ಎತ್ತಿ ಹೇಳಿದರು.

ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಈ ಪಟ್ಟಣದಲ್ಲಿಯೇ ಇದ್ದಿತು. 17ನೇ ಶತಮಾನದಲ್ಲಿ ಆ ಕಂಪನಿಯವರು ಕೆಳದಿ ಅರಸರ ಸೀಮೆಯ ಬಸರೂರಿನಲ್ಲಿ ಅಕ್ಕಿ, ಮೆಣಸುಗಳ ವ್ಯಾಪಾರ ಮಾಡಿದ್ದುಂಟು. ಬೀಗರ ಪೂರ್ವಜನೊಬ್ಬನು ನಮ್ಮ ಕರಾವಳಿಗೆ ಬಂದಿರಬಾರದೇ ಎಂದು ನಮ್ಮ ಮನೆಯವರು ಆಸೆಪಟ್ಟರು. ಅಂಥ ಯಾವ ನಾವಿಕನೂ ಸಿಗಲಿಲ್ಲ. ದೊರೆತವರೆಲ್ಲರೂ ಏರಿಯ ಹಿಂದೆ ಬಟಾಟೆ ಅಗೆದವರೇ.

ಮರುದಿನ ಐದು ಕಿಲೋಮೀಟರ್ ಉದ್ದದ ಸೇತುವೆಯನ್ನು ದಾಟಿ ಸ್ಖೌವನ್-ಡೌವೆಲಂಡ್ ಎಂಬ ಅವರ ದ್ವೀಪಕ್ಕೆ ಹೋದೆವು. ಬಲಕ್ಕೆ ಏರಿಯಾಚೆಗಿನ ನೀರು, ಎಡಕ್ಕೆ ಅದಕ್ಕಿಂತ ತಗ್ಗಿನಲ್ಲಿ ಹಸಿರು ಹೊಲ! ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ ಎಂದು ಪುಸ್ತಕದಲ್ಲಿ ಓದುವುದು ಬೇರೆ, ಏರಿಯ ಮೇಲೆ ನಿಂತು ಕಾಣುವುದು ಬೇರೆ.

1953ರ ಜನವರಿ 31ರ ರಾತ್ರಿ ವಾಯವ್ಯದ ಬಿರುಗಾಳಿಯೂ ಹುಣ್ಣಿಮೆಯ ಕಾಲದ ಭರತವೂ ಕೂಡಿಬಂದು ಏರಿಗಳು ಒಡೆದವು. ಆ ಕಾಲದಲ್ಲಿ ಅಲ್ಲಿಯ ರೇಡಿಯೋ ಮಧ್ಯರಾತ್ರಿಗೆ ಮುಚ್ಚುತ್ತಿತ್ತು. ಮಲಗಿದವರಿಗೆ ಎಚ್ಚರಿಕೆ ತಲುಪಲಿಲ್ಲ. ಆ ದೇಶದಲ್ಲಿ 1,836 ಜನರು ಮಡಿದರು. ಐದು ವರ್ಷದ ಬಾಲಕರಾಗಿದ್ದ ಬೀಗರನ್ನು ಅವರ ತಂದೆ ಅಟ್ಟಕ್ಕೆ ಏರಿಸಿದರು. ರಾತ್ರಿಯ ನೀರಿಗೆ ತಡೆದು ನಿಂತ ಮನೆ, ಭಾನುವಾರ ಮಧ್ಯಾಹ್ನ ಇನ್ನಷ್ಟು ಎತ್ತರಕ್ಕೆ ಬಂದ ಎರಡನೆಯ ಭರತಕ್ಕೆ ಕುಸಿಯಿತು. ಮಾಡಿನ ತುಂಡನ್ನು ಹಿಡಿದು ತಂದೆ, ತಾಯಿ, ಮಗ ಉಳಿದರು. ಅಜ್ಜಿ ಕೈಬಿಟ್ಟರು. ಅವರ ದೇಹವು ಕೊನೆಗೂ ದೊರೆಯಲಿಲ್ಲ. ಕೊನೆಯ ಬಿರುಕನ್ನು 1953ರ ನವೆಂಬರಿನಲ್ಲಿ ಔವರ್‌ಕೆರ್ಕ್ ಎಂಬಲ್ಲಿ ನಾಲ್ಕು ಬೃಹತ್ ಕಾಂಕ್ರೀಟ್ ಪೆಟ್ಟಿಗೆಗಳನ್ನು ಮುಳುಗಿಸಿ ಮುಚ್ಚಿದರು. ಈಗ ಆ ಪೆಟ್ಟಿಗೆಗಳ ಒಳಗೇ ವಸ್ತುಸಂಗ್ರಹಾಲಯವಿದೆ. ಬೀಗರು ಒಳಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತರು. ನಾವು ಮೊಮ್ಮಗನ ಕೈಹಿಡಿದು ನೋಡಿ ಬಂದೆವು.

ಅಲ್ಲಿಂದ ಅವರ ಹಳ್ಳಿಯ ಸ್ಮಶಾನಕ್ಕೆ ಹೋದೆವು. ಅವರ ತಂದೆತಾಯಿಗಳ ಸಮಾಧಿಯ ಕಲ್ಲಿನ ಕೆಳಭಾಗದಲ್ಲಿ, ದೇಹ ಸಿಗದ ಅಜ್ಜಿಯ ಹೆಸರನ್ನೂ ಕೆತ್ತಿಸಲಾಗಿದೆ. ಪಕ್ಕದ ಸಾಲಿನಲ್ಲಿ ಒಂದು ಸಮಾಧಿಗೆ ಸಣ್ಣ ಫಲಕವನ್ನು ನೆಟ್ಟಿದ್ದರು. ಅದೇನೆಂದು ಕೇಳಿದಾಗ ಅವಧಿ ಮುಗಿಯುತ್ತಿದೆಯೆಂಬ ಸೂಚನೆ ಎಂದರು. ಆ ದೇಶದಲ್ಲಿ ಸಮಾಧಿಯ ನೆಲವು ಸಾಮಾನ್ಯವಾಗಿ ಶಾಶ್ವತವಲ್ಲ; ಗೊತ್ತಾದ ವರ್ಷಗಳಿಗೆ ಹಣ ಕಟ್ಟಿ ಪಡೆಯತಕ್ಕದ್ದು. ಮುಂದುವರಿಸುವವರು ಯಾರೂ ಇಲ್ಲವಾದರೆ ಕಲ್ಲನ್ನು ತೆಗೆದು, ಎಲುಬುಗಳನ್ನು ಬೇರೆಡೆ ಹೂಳಿ, ಸ್ಥಳವನ್ನು ಮತ್ತೊಬ್ಬರಿಗೆ ಕೊಡುತ್ತಾರೆ. ಹಿರಿಯರನ್ನು ಮಣ್ಣಿಗೊಪ್ಪಿಸುವ ಸಂಪ್ರದಾಯದವರಾದ ನಮಗೆ ಈ ಮಾತು ಎದೆಗೆ ತಟ್ಟಿತು. ಬೀಗರ ತಂದೆತಾಯಿಗಳ ಸಮಾಧಿಯ ಇಪ್ಪತ್ತು ವರ್ಷಗಳ ಅವಧಿಯು 2024ಕ್ಕೆ ತೀರುವುದಿತ್ತು.

ಎಪ್ಪತ್ತೈದರ ಬೀಗರಿಗೆ ಅದನ್ನು ಮಗನ ಹೆಸರಿಗೆ ಮಾಡುವ ಇಚ್ಛೆ. ಅಳಿಯಂದಿರು ಒಪ್ಪಲಿಲ್ಲ. ಹೆಸರುಗಳು ಭಂಡಾರದಲ್ಲಿವೆ, ಊರಿನ ಸ್ಮಾರಕದಲ್ಲಿಯೂ ಇವೆ, ವರ್ಷಕ್ಕೊಮ್ಮೆಯೂ ಬರಲಾಗದ ಸ್ಥಳಕ್ಕೆ ಹಣ ಕಟ್ಟಿ ಹೊಣೆ ಹೊರುವುದೇಕೆ ಎಂಬುದು ಅವರ ವಾದ. ತಂದೆಮಕ್ಕಳು ಎತ್ತರದ ಧ್ವನಿಯಲ್ಲಿ ಮಾತನಾಡಿದ್ದನ್ನು ನಾವು ಕಂಡದ್ದು ಅದೊಂದೇ ಸಲ. ಭಾಷೆ ಬಾರದ ನಾವು ಕಲ್ಲಿನ ಸುತ್ತಲಿನ ಹುಲ್ಲನ್ನು ಕೀಳುತ್ತ ನಿಂತೆವು. ಆಗ ಮಗಳು, "ಮಾಮಾ, ಅದು ನನ್ನ ಹೆಸರಿಗೆ ಇರಲಿ" ಎಂದಳು. ಮಾಮಾ ಎಂಬ ಕನ್ನಡದ ಮಾತನ್ನೇ ಅವಳು ಬೀಗರಿಗೆ ರೂಢಿಮಾಡಿಸಿದ್ದಾಳೆ. ಸೊಸೆಯ ಹೆಸರಿಗೂ ಮಾಡಬಹುದೆಂದು ಕಚೇರಿಯವರು ತಿಳಿಸಿದರು. ಅಳಿಯಂದಿರು ಮಾತನಾಡಲಿಲ್ಲವಾದರೂ ಶುಲ್ಕವನ್ನು ಅವರೇ ಕಟ್ಟಿದರು.

ಸಂಜೆ ಬೀಗರು ನಮ್ಮ ಹಿರಿಯರ ಸಮಾಧಿಗಳ ಬಗ್ಗೆ ವಿಚಾರಿಸಿದರು. ಘಟಪ್ರಭೆಯ ದಂಡೆಯ ನಮ್ಮ ಮೂಲ ಗ್ರಾಮದ ಹೊಲದ ಬದುವಿನಲ್ಲಿ ಅವು ಇದ್ದವು. ಆಲಮಟ್ಟಿಯ ಹಿನ್ನೀರು ಏರಿದಾಗ ಊರಿನೊಡನೆ ಮುಳುಗಿದವು. ಇದನ್ನು ಮಗಳು ಅನುವಾದಿಸಿದಾಗ ಬೀಗರಿಗೆ ಅರ್ಥವಾಗಲಿಲ್ಲ. ಏರಿ ಒಡೆಯಿತೇ ಎಂದು ಕೇಳಿದರು. ಒಡೆಯಲಿಲ್ಲ, ಸರಕಾರವೇ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿತು, ದೂರದ ಬರದ ಹೊಲಗಳಿಗೆ ಕಾಲುವೆ ಹರಿಯಬೇಕಾಗಿತ್ತು ಎಂದೆವು. ನೀರಿನಿಂದ ನೆಲವನ್ನು ಬಿಡಿಸಿಕೊಂಡ ವಂಶದವರಿಗೆ, ನೆಲವನ್ನು ನೀರಿಗೆ ಒಪ್ಪಿಸಿ ಪರಿಹಾರ ಪಡೆದ ಸಂಗತಿಯನ್ನು ತಿಳಿಯಪಡಿಸುವುದು ಸುಲಭವಾಗಲಿಲ್ಲ. ಮೊಮ್ಮಗನು ತನ್ನ ಕಾಗದದಲ್ಲಿ ನಮ್ಮ ಮುತ್ತಜ್ಜನವರ ಹೆಸರಿನ ಸುತ್ತ ನೀಲಿ ಬಣ್ಣವನ್ನು ತುಂಬಿದನು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಹೊಲಗಳು ಮೇಲೇಳುತ್ತವೆ ಎಂದು ನಾವು ಹೇಳಿದ್ದನ್ನು ಬೀಗರು ಮರೆಯಲಿಲ್ಲ. 2024ರ ಮೇ ತಿಂಗಳಲ್ಲಿ, ಬಿಸಿಲಿನ ಬಗ್ಗೆ ನಾವು ಎಷ್ಟು ಎಚ್ಚರಿಸಿದರೂ ಕೇಳದೆ, ಬೀಗರಿಬ್ಬರೂ ಬಂದರು. ಬಿರುಕುಬಿಟ್ಟ ಕಪ್ಪು ಮಣ್ಣಿನಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ನಡೆದೆವು. ಬಾವಿಯ ಸುತ್ತಿನ ಕಲ್ಲುಗಳು ಸಿಕ್ಕವು. ಅಲ್ಲಿಂದ ಪೂರ್ವಕ್ಕೆ ಹೆಜ್ಜೆ ಎಣಿಸಿ, ಬದು ಇಲ್ಲಿಯೇ ಇರಬೇಕು ಎಂದು ತೋರಿಸಿದೆವು. ಬೀಗರು ಟೊಪ್ಪಿಗೆ ತೆಗೆದು ನಿಂತರು. ನಾವು ವಿಭೂತಿ ಇಟ್ಟು, ಕಾಯಿ ಒಡೆದು, ಮಳೆ ಹಿಡಿದು ನೀರು ಬರುವ ಮುನ್ನ ಇನ್ನೊಮ್ಮೆ ಬರಬಹುದೇ ಎಂದು ಮಾತನಾಡಿಕೊಳ್ಳುತ್ತ ಜೀಪಿನ ಕಡೆಗೆ ಹೊರಟೆವು.