ಡಿಗ್ರಿ ಆದಮೇಲೆ ಫಸ್ಟ್ ಇಯರ್

“ಫೇಲಾಗಿತ್ತೇನೋ ಕೂಸಿಗೆ?”

ಅಜ್ಜಿ ಕೇಳಿದ್ದು ನನ್ನನ್ನು. ಆದರೆ ಬಚ್ಚಲೊಲೆಯ ಸುತ್ತ ಕೂತಿದ್ದ ಅಷ್ಟೂ ಜನಕ್ಕೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು. 2013ರ ಡಿಸೆಂಬರ್ ಅದು. ನಮ್ಮೂರು ಜಡೆ ಅಪ್ಪಟ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಅಡಿಕೆ ತೋಟದ ಬೇಲಿ ಮುಗಿದಲ್ಲೇ ಜೋಳದ ಹೊಲ ಶುರುವಾಗುವ ಊರು. ಚಳಿಗಾಲದ ಸಂಜೆ ಮಾತ್ರ ನಾವು ಮಲೆನಾಡಿನವರೇ. ಹಂಡೆಯಲ್ಲಿ ನೀರು ಕಾಯುವವರೆಗೂ ಮನೆಮಂದಿಯೆಲ್ಲ ಒಲೆಯ ಮುಂದೆ. ಅಡಿಕೆ ಹಾಳೆ, ತೆಂಗಿನ ಗರಿ, ಜೋಳದ ದಂಟು, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ ಬೀಳುತ್ತದೆ. ಮನೆಯ ದೊಡ್ಡ ತೀರ್ಮಾನಗಳೂ ಅಲ್ಲೇ ಆಗುತ್ತವೆ.

ಅಜ್ಜಿ ಹೇಳುತ್ತಿದ್ದ ಕೂಸು ದೊಡ್ಡಪ್ಪನ ಮಗಳು. ಹುಟ್ಟಿ ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಅರ್ಥಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಬ್ಯಾಂಕಿನಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಮತ್ತೆ ಯೂನಿವರ್ಸಿಟಿ ಸೇರಿದ್ದಳು. ಹದಿನೆಂಟರ ಹುಡುಗರ ಜೊತೆ ಕೂತು ಮೊದಲ ವರ್ಷದ ಕೆಮಿಸ್ಟ್ರಿ ಓದುತ್ತಿದ್ದಳು. “ಡಾಕ್ಟರ್ ಆಗ್ಬೇಕು ಅಂತ ಈಗ ಅನ್ನಿಸ್ತು ಅಜ್ಜಿ” ಎಂದಳು, ತನ್ನ ಅಳೆದು ತೂಗಿದ ಕನ್ನಡದಲ್ಲಿ. ಪಾಸಾದವಳು ಮತ್ತೆ ಯಾಕೆ ಕ್ಲಾಸಿಗೆ ಹೋಗಬೇಕು ಎನ್ನುವುದು ಅಜ್ಜಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಅಪ್ಪನಿಗೂ ಅರ್ಥವಾಗಲಿಲ್ಲ. ನಮ್ಮ ಕಡೆ ಓದು ಒಂದೇ ದಿಕ್ಕಿಗೆ ಹೋಗುವ ಬಸ್ಸು. ಇಳಿದವರು ಮತ್ತೆ ಹತ್ತಿದರೆ ಏನೋ ಮರೆತು ಬಂದಿದ್ದಾರೆ ಎಂದೇ ಲೆಕ್ಕ.

ಅವಳು ವಿವರಿಸಿದಳು. ಅಮೆರಿಕದಲ್ಲಿ ಮೆಡಿಕಲ್ ಕಾಲೇಜಿನ ಬಾಗಿಲು ಸಾಮಾನ್ಯವಾಗಿ ತೆರೆಯುವುದೇ ಡಿಗ್ರಿ ಮುಗಿದ ಮೇಲೆ. ಡಿಗ್ರಿ ಇತಿಹಾಸದಲ್ಲಿರಲಿ, ಸಂಗೀತದಲ್ಲಿರಲಿ, ಅಡ್ಡಿಯಿಲ್ಲ. ಆದರೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸನ್ನು ಲ್ಯಾಬ್ ಸಮೇತ ಓದಿರಬೇಕು. ಆಮೇಲೆ ಎಂಕ್ಯಾಟ್ ಎಂಬ ಪರೀಕ್ಷೆ. ವಿಜ್ಞಾನ ಓದದೆ ಡಿಗ್ರಿ ಮಾಡಿದವರಿಗೆಂದೇ ಬೇರೆ ಕೋರ್ಸುಗಳಿವೆ. ಕೊಲಂಬಿಯಾ ಯೂನಿವರ್ಸಿಟಿ 1955ರಿಂದಲೇ ನಡೆಸುತ್ತಿದೆ, ಬ್ರಿನ್ ಮಾರ್ ಎಂಬ ಹೆಣ್ಣುಮಕ್ಕಳ ಕಾಲೇಜು 1972ರಿಂದ. ಕ್ಲಾಸಿನಲ್ಲಿ ವಕೀಲಿ ಬಿಟ್ಟು ಬಂದವರೂ ಇರುತ್ತಾರೆ, ಮೇಷ್ಟ್ರಾಗಿದ್ದವರೂ ಇರುತ್ತಾರೆ.

“ಖರ್ಚು?” ಎಂದ ಅಪ್ಪ.

“ಲೋನ್.”

“ಎಷ್ಟು?”

ಅವಳು ಹೇಳಿದಳು. ಅಪ್ಪ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ನೋಡಿ, ಒಲೆಗೆ ಇನ್ನೊಂದು ಹಾಳೆ ದೂಡಿ ಸುಮ್ಮನಾದ.

ಇಷ್ಟು ಹೊತ್ತೂ ನನ್ನಕ್ಕ ಒಂದು ಮಾತೂ ಆಡಿರಲಿಲ್ಲ. ಅವಳಿಗೂ ಅಮೆರಿಕದವಳಿಗೂ ಒಂದೇ ವಯಸ್ಸು, ಇಪ್ಪತ್ತನಾಲ್ಕು. ಅಕ್ಕ ಪಿಯುಸಿ ಮುಗಿಸಿದ್ದು 2007ರಲ್ಲಿ. ನಮ್ಮ ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದೂ ಅದೇ ವರ್ಷ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಜೊತೆಗೇ. ಸಿಇಟಿಯಲ್ಲಿ ಬಂದ ರ‍್ಯಾಂಕು ಅವಳನ್ನು ಅದರ ಗೇಟಿನ ತನಕವೂ ಒಯ್ಯಲಿಲ್ಲ. ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ತಗೊಂಡು ಬಿ.ಎಸ್ಸಿ. ಮುಗಿಸಿ ಬಂದು, ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಬಿ.ಎಡ್. ಅರ್ಜಿ ಕಪಾಟಿನಲ್ಲಿತ್ತು. ಗಂಡು ನೋಡುವುದೂ ಜೊತೆಗೇ ನಡೆದಿತ್ತು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. “ನಿನ್ನ ಎಕನಾಮಿಕ್ಸ್ ಮಾರ್ಕ್ಸೂ ಲೆಕ್ಕಕ್ಕೆ ಬರುತ್ತಾ?”

“ಬರುತ್ತೆ. ಎಲ್ಲಾ ಸೇರಿಸಿ ನೋಡ್ತಾರೆ.”

“ಇಲ್ಲಿ ಡಿಗ್ರಿ ಕೇಳೋದೇ ಇಲ್ಲ ಕಣೆ. ಪಿಯುಸಿದು ತನ್ನಿ ಅಂತಾರೆ.”

ಅದು ಸತ್ಯ. ನಮ್ಮಲ್ಲಿ ಎಂಬಿಬಿಎಸ್ ಆಗಲಿ, ಬಿ.ಎಸ್ಸಿ. ನರ್ಸಿಂಗ್ ಆಗಲಿ, ಹನ್ನೆರಡನೇ ಕ್ಲಾಸಿನ ನೆತ್ತಿಯ ಮೇಲೆ ನೇರ ಕೂತಿವೆ. ಮಧ್ಯೆ ಮೂರು ವರ್ಷ ಕಪ್ಪೆ ಕೊಯ್ದವರಿಗೂ ಗೋಡಂಬಿ ವ್ಯಾಪಾರ ಮಾಡಿದವರಿಗೂ ಕೌಂಟರಿನಲ್ಲಿ ವ್ಯತ್ಯಾಸವಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಬರೆದ ಪರೀಕ್ಷೆ ಇಪ್ಪತ್ತೇಳಕ್ಕೂ ಬೆನ್ನು ಬಿಡುವುದಿಲ್ಲ. ಇದರಲ್ಲಿ ನ್ಯಾಯವಿದೆ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಅಮೆರಿಕದ ಸಾಲದ ಮೊತ್ತ ಕೇಳಿದ ಮೇಲೆ ಅವರದ್ದೇ ಸರಿ ಎನ್ನಲೂ ಬಾಯಿ ಬರುವುದಿಲ್ಲ.

ಮಾತು ಡಾಕ್ಟರು, ಕಾಯಿಲೆ ಎಂದು ಸುತ್ತಿ ಸುತ್ತಿ ಕಡೆಗೆ ಅಜ್ಜಿಯ ತವರಿಗೆ ಬಂತು. ಅವಳ ತವರು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಡೆ. 1957ರಲ್ಲಿ ಅವಳು ಹೊಸದಾಗಿ ಮದುವೆಯಾಗಿ ಜಡೆಗೆ ಬಂದವಳು. ಹಬ್ಬಕ್ಕೆ ತವರಿಗೆ ಹೋದಾಗ ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸಾಯುತ್ತಿದ್ದವು. ಹಿಂದೆಯೇ ಜನಕ್ಕೂ ಜ್ವರ. ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ಮೂಗು ಒಸಡಿನಲ್ಲಿ ರಕ್ತ. ಪೂನಾದಿಂದ ಜೀಪಿನಲ್ಲಿ ಜನ ಬಂದರು. ಮಂಗಗಳು ಹೀಗೆ ಸಾಯುವುದನ್ನು ಕೇಳಿ, ಹಳದಿ ಜ್ವರವೇ ಭಾರತಕ್ಕೆ ಬಂತೇನೋ ಎಂಬ ಭಯ ಅವರಿಗಿತ್ತು. ಅಜ್ಜಿಗೆ ಆ ಹೆಸರೆಲ್ಲ ಎಲ್ಲಿ ಗೊತ್ತು. ಅವಳ ಕಣ್ಣಲ್ಲಿ ಉಳಿದಿದ್ದು ಬೇರೆ.

“ಬಿಳೀ ಪಂಚೆಯಂಥ ಬಟ್ಟೆ ಹಿಡ್ಕಂಡು ಕಾಡಿನ ನೆಲದ ಮ್ಯಾಲೆ ಎಳೀತಿದ್ರು. ಒಂದಷ್ಟು ದೂರ ಎಳೆಯೋದು, ಬಗ್ಗಿ ನೋಡೋದು. ನಾವೆಲ್ಲ ನಗ್ತಿದ್ವಿ, ಪ್ಯಾಂಟು ಹಾಕ್ಕಂಡೋರು ಕಾಡು ಒರೆಸ್ತಾರೆ ಅಂತ.”

ಅಕ್ಕ ತಟ್ಟನೆ ತಲೆ ಎತ್ತಿದಳು. “ಉಣುಗು ಹಿಡೀತಿದ್ರು ಅಜ್ಜಿ ಅವ್ರು. ಬಟ್ಟೆಗೆ ಹತ್ತಿಕೊಳ್ತಾವೆ. ನಾವೂ ಓದಿದ್ವಿ.”

ಆಮೇಲೆ ಅರ್ಧ ಗಂಟೆ ಅವಳದ್ದೇ ಮಾತು. ಅವಳು ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಪೂನಾದಿಂದ ಬಂದವರಲ್ಲಿ ಟೆಲ್‌ಫರ್ಡ್ ವರ್ಕ್ ಎಂಬಾತ ವೈದ್ಯ, ಹೆರಾಲ್ಡ್ ಟ್ರಾಪಿಡೊ ಎಂಬಾತ ಪ್ರಾಣಿಶಾಸ್ತ್ರಜ್ಞ. ವೈರಸ್ಸು ಸಿಕ್ಕಿದ್ದು ಸತ್ತ ಮಂಗದಲ್ಲಿ. ಅದನ್ನು ಹೊತ್ತು ತಿರುಗುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಅದು ಬದುಕಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ: ಮರಿಯಾಗಿದ್ದಾಗ, ಆಮೇಲಿನ ನಿಂಫ್ ಹಂತದಲ್ಲಿ, ಬಲಿತ ಮೇಲೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ನಡುವಿನ ಹಂತದ್ದು. ಅದು ಹೆಚ್ಚುವ ಕಾಲ ಮಳೆ ಹೋದ ಮೇಲೆ ಬೇಸಿಗೆಯವರೆಗೆ, ಅಂದರೆ ನಮ್ಮವರು ದರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಕಾಲವೇ. ಬಲಿತದ್ದಕ್ಕೆ ದನದ ಮೈಯೇ ಬೇಕು. ಕಾಡಂಚಿಗೆ ದನ ಹೊಡೆದಷ್ಟೂ ಉಣುಗಿಗೆ ಹಬ್ಬ. ಅಮೆರಿಕದವಳು ಬಾಯಿ ಬಿಟ್ಟು ಕೇಳುತ್ತಿದ್ದಳು. ಲೋಕದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಅಚ್ಚಾಗಿರುವ ಕಾಯಿಲೆಗೆ ತನ್ನಜ್ಜಿಯ ತವರಿನ ಕಾಡಿನ ಹೆಸರು ಎಂದು ಅವಳಿಗೆ ಗೊತ್ತಾಗಿದ್ದು ಆಗಲೇ.

ನೀರು ಕುದ್ದು ಇಂಗಿಹೋಗುವ ಹೊತ್ತಿಗೆ ಅಕ್ಕ, “ಅಪ್ಪಾ, ಬಿ.ಎಡ್. ಬೇಡ. ನಾನು ನರ್ಸಿಂಗ್ ಸೇರ್ತೀನಿ” ಎಂದಳು.

ಅಪ್ಪನ ಉತ್ತರ ಬರೆಯುವಂಥದ್ದಲ್ಲ. ಸಾರಾಂಶ ಇಷ್ಟು: ಬಿ.ಎಸ್ಸಿ. ಮಾಡಿದವಳು ಸಿಸ್ಟರ್ ಆಗುವುದಾ, ಇನ್ನು ನಾಲ್ಕು ವರ್ಷ ಅಂದರೆ ವಯಸ್ಸೆಷ್ಟಾಗುತ್ತದೆ, ಗಂಡಿನ ಕಡೆಯವರಿಗೆ ಏನು ಹೇಳುವುದು. ಅಮ್ಮ ಸ್ನಾನಕ್ಕೆ ಎದ್ದುಹೋದಳು. ಅಮ್ಮನ ಮೌನಕ್ಕೆ ನಮ್ಮನೆಯಲ್ಲಿ ಒಪ್ಪಿಗೆ ಎಂದೂ ಅರ್ಥವಿತ್ತು, ಅಲ್ಲ ಎಂದೂ ಅರ್ಥವಿತ್ತು. ಎರಡರಲ್ಲಿ ಯಾವುದೆಂದು ನೀರು ಹುಯ್ಯುವ ಸದ್ದಿನಿಂದ ತಿಳಿಯಬೇಕು. ಆ ದಿನ ಸದ್ದು ಸಮಾಧಾನವಾಗಿತ್ತು. ಬಾಯಿ ಬಿಟ್ಟು ಅಕ್ಕನ ಪರ ನಿಂತವಳು ಅಜ್ಜಿ, ಅದೂ ತನ್ನದೇ ತರ್ಕದಲ್ಲಿ: “ಅಲ್ಲಿಯೋಳು ಫೇಲಾಗದೇನೇ ಓದ್ತಾಳೆ ಅಂತೆ, ಇವಳೂ ಓದ್ಲಿ ಬಿಡು.”

ಸೀಟು ಸಿಕ್ಕಿದ್ದು 2014ರಲ್ಲಿ, ಶಿವಮೊಗ್ಗದ ಒಂದು ಖಾಸಗಿ ಕಾಲೇಜಿನಲ್ಲಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುವ ಕೋರ್ಸು. ಕುವೆಂಪು ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟ್ ತರಲು ಶಂಕರಘಟ್ಟಕ್ಕೆ ಅಲೆದಾಟ, ಪಿಯು ಕಾಲೇಜಿನಲ್ಲಿ ಹಳೇ ರಿಜಿಸ್ಟರಿನ ಧೂಳು. ಡಿಗ್ರಿ ಸರ್ಟಿಫಿಕೇಟನ್ನು ಫೈಲಿನ ಮೇಲೆಯೇ ಇಟ್ಟುಕೊಂಡು ಹೋಗಿದ್ದಳಂತೆ. ಗುಮಾಸ್ತರು ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೆಳಗಿನ ಹಾಳೆ ನೋಡಿದರು.

ಹಾಸ್ಟೆಲಿನ ನಾಲ್ಕು ವರ್ಷದ ಬಗ್ಗೆ ಅವಳು ಹೆಚ್ಚು ಹೇಳಿಲ್ಲ, ನಾನೂ ಕೆದಕಿಲ್ಲ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ. ಜೊತೆಗೆ ಹಾಸಿಗೆಯ ದುಪ್ಪಟಿ ಮಡಚುವ ಮೂಲೆ ಎಷ್ಟು ಕೋನದಲ್ಲಿರಬೇಕು ಎನ್ನುವುದಕ್ಕೂ ಮಾರ್ಕ್ಸು. ಆರೇಳು ವರ್ಷ ಚಿಕ್ಕವರಾದ ಸಹಪಾಠಿಗಳು ಅವಳನ್ನು ‘ಅಕ್ಕ’ ಎಂದೇ ಕರೆದರು. ಸೂಕ್ಷ್ಮದರ್ಶಕ ಹಿಡಿಯಲು ಅವರು ತಡಕಾಡುವಾಗ ಇವಳು ಸ್ಲೈಡು ಹಾಕಿ ತೋರಿಸುತ್ತಿದ್ದಳಂತೆ. ಡಿಗ್ರಿ ಕೆಲಸಕ್ಕೆ ಬಂದದ್ದು ಅಲ್ಲಿ. ಇಂಜೆಕ್ಷನ್ ಕೊಡುವಾಗ ಮಾತ್ರ ಎಲ್ಲರಷ್ಟೇ ಕೈ ನಡುಕ.

ಅವಳು ಕಲಿತದ್ದು ನನ್ನ ಮೈಮೇಲೆಯೇ ಪ್ರಯೋಗವಾದದ್ದು 2019ರ ಜನವರಿಯಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದೇ ಕ್ಯಾಸನೂರಿನ ಜ್ವರ, ನಮ್ಮವರ ಬಾಯಲ್ಲಿ ಮಂಗನ ಕಾಯಿಲೆ, ಜನರನ್ನು ತೆಗೆದುಕೊಂಡು ಹೋಗುತ್ತಿದ್ದ ದಿನಗಳು. ಪೇಪರ್ ತೆರೆದರೆ ಅದೇ ಸುದ್ದಿ, ಕಾಯಿಲೆಯವರನ್ನು ಮಣಿಪಾಲಕ್ಕೆ ಒಯ್ದರು ಎಂದು. ಅಕ್ಕ ಶಿವಮೊಗ್ಗದ ಆಸ್ಪತ್ರೆಯೊಂದರ ವಾರ್ಡಿನಲ್ಲಿದ್ದಳು. ಜ್ವರವೆಂದು ಬಂದವರನ್ನೆಲ್ಲ “ಕಾಡಿಗೆ ಹೋಗಿದ್ರಾ, ಮಂಗ ಸತ್ತಿದ್ದು ಕಂಡ್ರಾ?” ಎಂದು ಕೇಳುವುದೇ ಅವಳ ದಿನಚರಿಯಾಗಿತ್ತು. ಬಿಡುವು ಸಿಕ್ಕ ಒಂದು ದಿನ ಇಬ್ಬರೂ ಚಂದ್ರಗುತ್ತಿ ಕಡೆಯ ನೆಂಟರ ಮನೆಗೆ ಹೋಗಿದ್ದೆವು. ನಾನು ಬೆಟ್ಟದಂಚಿನ ತೋಟ ಸುತ್ತಿ ಬಂದು ಜಗಲಿಯಲ್ಲಿ ಕಾಲು ಚಾಚಿದ್ದೇ ತಡ, ಅವಳು “ಅಲ್ಲಾಡಬೇಡ” ಎಂದಳು.

ಮೊಣಕಾಲಿನ ಹಿಂದೆ, ಮಡಿಕೆಯ ಒಳಗೆ, ಎಳ್ಳುಕಾಳಿಗಿಂತ ಸಣ್ಣದೊಂದು ಕಂದು ಚುಕ್ಕಿ. ನನಗೆ ತುರಿಕೆಯೂ ಇರಲಿಲ್ಲ. ನೆಂಟರು ಸೀಮೆಎಣ್ಣೆ ತರಲು ಎದ್ದರು, ಇನ್ನೊಬ್ಬರು ಬೀಡಿಯ ಕೆಂಡ ಮುಟ್ಟಿಸಿ ಎಂದರು. ಅಕ್ಕ ಎರಡನ್ನೂ ತಡೆದಳು. ಚೀಲದಿಂದ ಚಿಮುಟ ತೆಗೆದು, ಚರ್ಮಕ್ಕೆ ಅಂಟಿದಂತೆ ಅದರ ಬಾಯಿಯ ಬಳಿಯೇ ಹಿಡಿದು, ತಿರುಚದೆ, ಜಗ್ಗದೆ, ನೇರ ಮೇಲಕ್ಕೆ ನಿಧಾನವಾಗಿ ಎತ್ತಿದಳು. ಚರ್ಮ ಒಂದಿಷ್ಟು ಜೊತೆಗೇ ಎದ್ದು ಬಂದು ಬಿಟ್ಟುಕೊಂಡಿತು. ಹೋಮಿಯೋಪತಿ ಮಾತ್ರೆಯ ಖಾಲಿ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಅದನ್ನು ಬಿಟ್ಟಳು, ಮೇಲೆ ಚೀಟಿ ಅಂಟಿಸಿ ತಾರೀಖು, ಊರು ಬರೆದಳು. ಆಮೇಲೆ ನೆಂಟರ ಮನೆಯ ಮಗುವಿನ ಭೂತಗನ್ನಡಿ ಈಸಿಕೊಂಡು ಬೆಳಕಿಗೆ ಹಿಡಿದಳು.

“ಎಂಟು ಕಾಲು. ಮರಿಗೆ ಆರೇ ಇರ್ತಾವೆ. ಇದು ನಿಂಫ್.” ಅವಳ ದನಿಯಲ್ಲಿ ಹೆದರಿಕೆಗಿಂತ ಖುಷಿಯೇ ಹೆಚ್ಚಿತ್ತು ಎಂದು ನನಗೆ ಸಿಟ್ಟು ಬಂತು. “ಮೂರರಿಂದ ಎಂಟು ದಿನ. ಅಷ್ಟರೊಳಗೆ ಜ್ವರ ಬಂದರೆ ಮೊದಲು ನಂಗೆ ಫೋನು, ಆಮೇಲೆ ಅಮ್ಮಂಗೆ.” ಜ್ವರ ಬರಲಿಲ್ಲ.

ಅವಳ ಓದು ಅಲ್ಲಿಗೂ ನಿಲ್ಲಲಿಲ್ಲ. ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೇಮಿಸುವಾಗ ನರ್ಸಿಂಗ್ ಮುಗಿಸಿದವರಿಗೆ ಮತ್ತೆ ಆರು ತಿಂಗಳ ಕೋರ್ಸು ಇತ್ತು. ಅದನ್ನೂ ಮಾಡಿ, ಕಾಡಂಚಿನ ಒಂದು ಉಪಕೇಂದ್ರಕ್ಕೆ ಬಂದು ಕೂತಳು. ಕೆಲಸ ಗುತ್ತಿಗೆಯದು. ಅಪ್ಪ ಅದನ್ನು ಎಲ್ಲರಿಗೂ ‘ಗೌರ್ಮೆಂಟು’ ಎಂದೇ ಹೇಳುತ್ತಾನೆ. ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತುಹೋದ ಮೇಲೆ ಚಳಿಗಾಲ ಬಂತೆಂದರೆ ಅವಳ ಕೈಯಲ್ಲಿ ಉಣುಗು ಹತ್ತದಂತೆ ಹಚ್ಚುವ ಡೀಪಾ ಎಣ್ಣೆಯ ಬಾಟಲಿಗಳು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರು ಹುಯ್ದುಕೊಳ್ಳಿ, ಬಟ್ಟೆ ಬೇರೆ ಒಗೆಯಿರಿ ಎಂದು ಮನೆಮನೆಗೆ ಹೇಳಿ ಬರುತ್ತಾಳೆ. ಅಮೆರಿಕದ ತಂಗಿ ಅಲ್ಲಿ ಡಾಕ್ಟರಾಗಿದ್ದಾಳೆ, ಸಾಲ ಇನ್ನೂ ತೀರಿಲ್ಲ.

ಈಗ ಜಡೆ, ಆನವಟ್ಟಿ ಕಡೆಯಿಂದ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಅಕ್ಕನನ್ನು ಹುಡುಕಿಕೊಂಡು ಬರುತ್ತಾರೆ. ಬಿ.ಕಾಂ. ಮಾಡಿದವರಿಗೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಹೇಳುತ್ತಾಳೆ, ಅದಕ್ಕೆ ಪಿಯುಸಿಯಲ್ಲಿ ಸೈನ್ಸೇ ಆಗಿರಬೇಕೆಂದಿಲ್ಲ. ನೀಟ್ ಬರೆಯಲು ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರ ಮಾರ್ಚ್‌ನಲ್ಲಿ ತೆಗೆದುಹಾಕಿದ ಮೇಲೆ ಬಂದ ಒಬ್ಬ ಹುಡುಗನ ಕತೆಯನ್ನು ಅವಳೇ ನಗುತ್ತಾ ಹೇಳಿದಳು. ಹುಡುಗ ಎಂದರೆ ಇಪ್ಪತ್ತೊಂಬತ್ತು ವರ್ಷ, ಬಿ.ಎಸ್ಸಿ. ಆಗಿ ಗೊಬ್ಬರದ ಅಂಗಡಿಯಲ್ಲಿದ್ದವನು. ಡಿಗ್ರಿಯ ಫಸ್ಟ್ ಕ್ಲಾಸು, ಎನ್‌ಸಿಸಿ, ಎಲ್ಲದರ ಜೆರಾಕ್ಸು ಮೇಜಿನ ಮೇಲೆ ಹರಡಿದನಂತೆ.

“ಪಿಯುಸಿಯಲ್ಲಿ ಬಯಾಲಜಿ ಎಷ್ಟು?”

ಅವನು ಹೇಳಿದ.

“ಆಯ್ತು, ಸಾಕು. ಫಸ್ಟ್ ಪಿಯು ಪುಸ್ತಕ ಸಿಗುತ್ತಾ ನೋಡು, ಹಳೇದಲ್ಲ, ಎನ್‌ಸಿಇಆರ್‌ಟಿದು. ಭಾನುವಾರ ತಗೊಂಡು ಬಾ. ಮಧ್ಯಾಹ್ನದ ಮೇಲೆ ಬಾ ಮತ್ತೆ, ಬೆಳಿಗ್ಗೆ ನಂಗೆ ಎಣ್ಣೆ ಹಂಚೋದಿದೆ.”