ಅಣುವಿಗೊಂದು ಹಿನ್ನೆಲೆ ಸಂಗೀತ

ಚಲಚ್ಚಿತ್ರದ ಹಿನ್ನೆಲೆ ಸಂಗೀತದ್ದು ಸೇವಕನ ಬಾಳು. ತೆರೆಯ ಮೇಲೆ ನಾಯಕಿ ಅತ್ತರೆ ಅದೂ ಅಳಬೇಕು. ಕುದುರೆ ಓಡಿದರೆ ಅದೂ ಓಡಬೇಕು. ಅದು ಚೆನ್ನಾಗಿ ದುಡಿದ ದಿನ ಅದರ ಇರವೇ ಯಾರ ಗಮನಕ್ಕೂ ಬಾರದು. ಇಂಥ ಸೇವಕನನ್ನು ಯಜಮಾನನ ಮನೆಯಿಂದ ಹೊರಗೆ ಕರೆತಂದು, ಇನ್ನು ನೀನೊಬ್ಬನೇ ನಿಂತು ಮಾತಾಡು ಎಂದರೆ ಅವನ ಗತಿಯೇನು? ಬಹುಮಟ್ಟಿಗೆ ತಡವರಿಸುತ್ತಾನೆ. ಆದರೆ ಯಜಮಾನ ಹೇಳಲಾರದೆ ಉಳಿಸಿದ್ದನ್ನು ಸೇವಕನೇ ಹೇಳಿಬಿಡುವುದೂ ಅಪರೂಪಕ್ಕೊಮ್ಮೆ ಉಂಟು. 2016ರ ಏಪ್ರಿಲ್ 1ರಂದು ಹೊರಬಂದ ‘ಅಟಾಮಿಕ್’ ಅಂಥದೊಂದು ಧ್ವನಿಮುದ್ರಿಕೆ.

ಇದನ್ನು ರಚಿಸಿದವರು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ ‘ಮೊಗ್ವಾಯ್’ ಎಂಬ ರಾಕ್ ವಾದ್ಯವೃಂದದವರು. 1995ರಲ್ಲಿ ಹುಟ್ಟಿದ ಈ ತಂಡ ತನ್ನ ಹೆಸರನ್ನು 1984ರ ‘ಗ್ರೆಮ್ಲಿನ್ಸ್’ ಎಂಬ ಚಿತ್ರದಿಂದ ಪಡೆಯಿತು. ಚೀನದ ಕ್ಯಾಂಟನೀಸ್ ಭಾಷೆಯಲ್ಲಿ ಆ ಮಾತಿಗೆ ದುಷ್ಟಶಕ್ತಿ ಎಂದರ್ಥ. ರಾಕ್ ಸಂಗೀತವೆಂದೊಡನೆ ಮುಂದೆ ನಿಂತು ಕಂಠವೆತ್ತಿ ಹಾಡುವ ಗಾಯಕನೊಬ್ಬನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಮೊಗ್ವಾಯ್‌ನಲ್ಲಿ ಆ ಜಾಗ ಹೆಚ್ಚಾಗಿ ಬರಿದು. ಪಿಸುಮಾತಿನಂತೆ ಆರಂಭವಾಗಿ, ಸಭಾಂಗಣದ ಗೋಡೆ ನಡುಗುವಷ್ಟು ಆರ್ಭಟಕ್ಕೇರುವುದು ಅವರ ವಾದನದ ಪ್ರಸಿದ್ಧ ಮಟ್ಟು. ಚಿತ್ರಗಳಿಗೆ ಸಂಗೀತ ನೀಡುವುದೂ ಅವರಿಗೆ ಹೊಸದಲ್ಲ. ಕಾಲ್ಚೆಂಡಿನ ಆಟಗಾರ ಝಿದಾನ್‌ನನ್ನು ಒಂದೇ ಪಂದ್ಯದುದ್ದಕ್ಕೂ ಹದಿನೇಳು ಕ್ಯಾಮರಾಗಳು ಹಿಂಬಾಲಿಸಿದ 2006ರ ಚಿತ್ರಕ್ಕೆ ಅವರದೇ ಸಂಗೀತ.

‘ಅಟಾಮಿಕ್’ನ ಮೂಲ ಮಾರ್ಕ್ ಕಸಿನ್ಸ್ ನಿರ್ದೇಶಿಸಿದ ಸಾಕ್ಷ್ಯಚಿತ್ರ. ಹಿರೋಶಿಮಾ ದಹನಕ್ಕೆ ಎಪ್ಪತ್ತು ವರ್ಷ ತುಂಬಿದ 2015ರಲ್ಲಿ ಬಿ.ಬಿ.ಸಿ. ಅದನ್ನು ಪ್ರಸಾರ ಮಾಡಿತು. ಹೊಸದಾಗಿ ಚಿತ್ರಿಸಿದ್ದು ಅದರಲ್ಲಿಲ್ಲ. ಹಳೆಯ ಸುರುಳಿಗಳನ್ನೇ ಆಯ್ದು ಹೆಣೆದ ಕಥೆ ಅದು. ಬಾಂಬಿನ ಅಣಬೆಮೋಡದ ಜೊತೆಗೆ, ರೋಗಿಯ ಒಡಲನ್ನು ಬೆಳಗಿ ತೋರಿಸುವ ಎಕ್ಸ್-ರೇಯೂ ಅಲ್ಲಿ ಬರುತ್ತದೆ. ಚಿತ್ರದ ಪೂರ್ಣ ಹೆಸರಿನಲ್ಲಿಯೇ ದಿಗಿಲು, ಭರವಸೆ ಎಂಬ ಎರಡು ಮಾತುಗಳೂ ಅಕ್ಕಪಕ್ಕದಲ್ಲಿ ಕುಳಿತಿವೆ. ಪ್ರಸಾರವಾದ ಬಳಿಕ ತಂಡದವರು ಆ ಸಂಗೀತವನ್ನು ತಿದ್ದಿ ತೀಡಿ, ಹತ್ತು ಕೃತಿಗಳ ಸ್ವತಂತ್ರ ಮುದ್ರಿಕೆಯಾಗಿ ಹೊರತಂದರು. ಗಿಟಾರಿನ ಗರ್ಜನೆ ಇಲ್ಲಿ ಹಿಂದೆ ಸರಿದಿದೆ. ಸಿಂಥಸೈಸರ್ ಎಂಬ ವಿದ್ಯುತ್ ವಾದ್ಯದ ಮಿಡಿತ ಮುಂದೆ ಬಂದಿದೆ.

ಚಿತ್ರ ಹೋಯಿತು, ಹಾಡಿನ ಮಾತಂತೂ ಮೊದಲೇ ಇಲ್ಲ. ಇನ್ನು ಕೇಳುವವನ ಕೈಗೆ ಉಳಿದ ಮಾತೆಂದರೆ ಹತ್ತು ಶೀರ್ಷಿಕೆಗಳು ಮಾತ್ರ. ವೈಣಿಕರು ಕೀರ್ತನೆಯನ್ನು ನುಡಿಸುವಾಗ ಸಾಹಿತ್ಯ ಬಲ್ಲ ಶ್ರೋತೃವಿನ ತುಟಿಯ ಮೇಲೆ ಪಲ್ಲವಿ ತಾನಾಗಿ ಆಡುತ್ತದೆ. ತಂತಿಯ ಹಿಂದೆ ಕವಿ ನಿಂತಿರುತ್ತಾನೆ. ಇಲ್ಲಿ ತಂತಿಯ ಹಿಂದೆ ನಿಂತಿರುವುದು ಚರಿತ್ರೆ. ‘ಯು-235’ ಎಂದರೆ ಪ್ರಕೃತಿಯ ಯುರೇನಿಯಮ್ಮಿನಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ, ಆದರೆ ಸುಲಭವಾಗಿ ಸೀಳುವ ಪರಮಾಣು. ‘ಸ್ಕ್ರಾಮ್’ ಎಂದರೆ ಅಪಾಯ ಕಂಡೊಡನೆ ಸ್ಥಾವರವನ್ನು ತಟಕ್ಕನೆ ನಿಲ್ಲಿಸುವ ಕ್ರಮ. ‘ಪ್ರಿಪ್ಯಾತ್’ ಎಂದರೆ ಚೆರ್ನೋಬಿಲ್ ಸ್ಥಾವರದ ನೌಕರರಿಗಾಗಿ ಕಟ್ಟಿದ ಊರು. 1986ರ ಏಪ್ರಿಲ್ 26ರ ನಡುರಾತ್ರಿಯ ನಂತರ ಸ್ಥಾವರ ಸಿಡಿಯಿತು. ಸುಮಾರು 49,000 ಜನ ಮರುದಿನ ಮಧ್ಯಾಹ್ನ, ಮೂರು ದಿನದ ಮಟ್ಟಿಗೆಂದು ಮನೆ ಬಿಟ್ಟು ಬಸ್ಸು ಹತ್ತಿದರು. ಮರಳಿ ಬಂದು ನೆಲೆಸುವ ಯೋಗ ಅವರಿಗೆ ಇರಲಿಲ್ಲ. ಇದನ್ನು ತಿಳಿದವನಿಗೆ ಆ ಕೃತಿಯ ಭಾರವಾದ ಹೆಜ್ಜೆಯ ನಡೆ ಒಂದು ಬಗೆಯಾಗಿ ಕೇಳಿಸುತ್ತದೆ. ತಿಳಿಯದವನಿಗೆ ಅದು ಬರಿಯ ವಿಷಣ್ಣ ರಾಗ. ಶೀರ್ಷಿಕೆ ಬದಲಿಸಿದರೆ ಅರ್ಥವೂ ಬದಲಾದೀತಲ್ಲ ಎಂದು ಆಕ್ಷೇಪಿಸಬಹುದು. ಬದಲಾದೀತು. ಸಮಾಧಿಯ ಕಲ್ಲೂ ಹಾಗೆಯೇ ಅಲ್ಲವೆ? ಮೇಲಿನ ಹೆಸರನ್ನು ಅಳಿಸಿದರೆ ಅದೂ ಬರಿಯ ಕಲ್ಲೆ.

ಮೊದಲ ಕೃತಿ ‘ಈಥರ್’ ಕೇಳಿದವನಿಗೆ ಇನ್ನೊಂದು ಸಂದೇಹ ಏಳುತ್ತದೆ. ಅದು ಬೆಳಗಿನ ಬಿಸಿಲಿನಂತೆ ಮೆಲ್ಲನೆ ಏರುವ, ನಿಶ್ಚಯವಾಗಿಯೂ ಸುಂದರವಾದ ರಚನೆ. ಇಂಥ ವಸ್ತುವಿಗೆ ಸೌಂದರ್ಯ ಸಲ್ಲುವುದೆ? ಸುಟ್ಟ ಊರಿನ ಮುಂದೆ ಇಂಪು ಒಂದು ಅಪಚಾರವಲ್ಲವೆ? ಪ್ರಶ್ನೆ ತಳ್ಳಿಹಾಕುವಂಥದಲ್ಲ. ಆದರೆ ವಸ್ತುವಿನ ಒಡಲನ್ನು ಭೇದಿಸಿ ನೋಡಿದ ವಿಜ್ಞಾನಿಗಳ ಬೆರಗು ಸುಳ್ಳಾಗಿರಲಿಲ್ಲ. ಅವರು ತೆರೆದ ಬಾಗಿಲಿನಿಂದ ಗುಣವಾದ ರೋಗಿಗಳೂ ಸುಳ್ಳಲ್ಲ. ಭಸ್ಮಾಸುರನ ಕೈಯಲ್ಲಿದ್ದುದು ವರವೇ ಸರಿ. ವರವಾಗಿದ್ದುದರಿಂದಲೇ ಅದು ಅಷ್ಟು ಘೋರವಾಯಿತು. ಅದ್ಭುತವನ್ನು ತೆಗೆದುಹಾಕಿ ಭಯಾನಕವನ್ನಷ್ಟೇ ನುಡಿಸಿದ್ದರೆ ಅಣುವಿನ ಅರ್ಧ ಕಥೆ ಹೇಳಿದಂತಾಗುತ್ತಿತ್ತು. ಅರ್ಧ ಕಥೆಗೆ ಜನ ಬೇಗ ಒಗ್ಗಿಹೋಗುತ್ತಾರೆ.

ಹಾಗೆಂದು ತಂಡದವರು ಉದಾಸೀನರಲ್ಲ. ಹಿಂದೊಮ್ಮೆ ಹಿರೋಶಿಮಾದಲ್ಲಿ ನುಡಿಸಲು ಹೋದಾಗ ಅಲ್ಲಿಯ ಶಾಂತಿವನವನ್ನು ಕಂಡಂದಿನಿಂದ ಈ ವಿಷಯ ಮನಸ್ಸಿಗೆ ಹತ್ತಿರವಾಯಿತೆಂದು ತಂಡದ ಸ್ಟುವರ್ಟ್ ಬ್ರೇತ್‌ವೇಟ್ ಹೇಳಿದ್ದುಂಟು. ಅಷ್ಟು ದೂರವೇಕೆ? ಬ್ರಿಟನ್ನಿನ ಅಣ್ವಸ್ತ್ರ ಹೊತ್ತ ಜಲಾಂತರ್ನೌಕೆಗಳ ನೆಲೆಯಾದ ಫಾಸ್ಲೇನ್ ಅವರ ಗ್ಲಾಸ್ಗೋದಿಂದ ಸುಮಾರು 40 ಕಿಲೋಮೀಟರಿನಲ್ಲಿದೆ. ಮಾತಿನಲ್ಲಿ ಬರೆದಿದ್ದರೆ ಹಾಡು ಘೋಷಣೆಯಾಗಬೇಕಾಗಿತ್ತು, ಇಲ್ಲವೆ ಗೋಳಾಗಬೇಕಾಗಿತ್ತು. ಎರಡಕ್ಕೂ ಕೇಳುವವನು ತಲೆದೂಗಿ ಎದ್ದುಹೋಗುತ್ತಾನೆ. ಮಾತಿಲ್ಲದ ವಾದ್ಯ ತೀರ್ಪು ಕೊಡುವುದಿಲ್ಲ. ತೀರ್ಪಿನ ಹೊರೆಯನ್ನು ಕೇಳುವವನ ಹೆಗಲಿಗೆ ಹೊರಿಸಿ ಸುಮ್ಮನಾಗುತ್ತದೆ.

ಈ ಸಂಯಮ ಪೂರ್ಣವಾಗಿ ಕಾಣುವುದು ಎರಡು ಬಾಂಬುಗಳ ಹೆಸರಿನ ಕೃತಿಗಳಲ್ಲಿ. ಪುಟ್ಟ ಹುಡುಗ, ದಪ್ಪ ಮನುಷ್ಯ - ‘ಲಿಟ್ಲ್ ಬಾಯ್’, ‘ಫ್ಯಾಟ್ ಮ್ಯಾನ್’ - ಮಕ್ಕಳ ಆಟಿಕೆಗೆ ಇಡಬಹುದಾದ ಹೆಸರುಗಳು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಮೊದಲನೆಯದರಲ್ಲಿ ಇದ್ದ ಯುರೇನಿಯಮ್ ಸುಮಾರು 64 ಕಿಲೋಗ್ರಾಂ. ಅದರಲ್ಲಿ ನಿಜವಾಗಿ ಸೀಳಿದ್ದು ಒಂದು ಕಿಲೋಗ್ರಾಮಿಗಿಂತ ಕಡಿಮೆ. ಅಷ್ಟಕ್ಕೇ ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಜನ ಅಳಿದರು. ಆರ್ಭಟಕ್ಕೆ ಹೆಸರಾದ ತಂಡ ಇಲ್ಲಿಯಾದರೂ ಸಿಡಿಲು ಬಡಿಸೀತೆಂದು ಅವರನ್ನು ಬಲ್ಲವನು ಕಾಯುತ್ತಾನೆ. ಸಿಡಿಲು ಬಡಿಯುವುದಿಲ್ಲ. ಸ್ಫೋಟವನ್ನು ವಾದ್ಯದಲ್ಲಿ ಅನುಕರಿಸುವ ಆಸೆಯೇ ಇಲ್ಲಿ ಕಾಣದು. ಆ ಸದ್ದಿಗೆ ಹತ್ತಿರವಿದ್ದವರಲ್ಲಿ ಹೆಚ್ಚಿನವರು ಅದನ್ನು ವರ್ಣಿಸಲು ಉಳಿಯಲಿಲ್ಲ. ಉಳಿದವರು ಅದನ್ನು ನಕಲು ಮಾಡುವುದು ಉಚಿತವಲ್ಲವೆಂಬ ವಿವೇಕ ಇಲ್ಲಿದೆ.

ಕೃತಿಗಳ ಕ್ರಮದಲ್ಲಿಯೂ ಒಂದು ವಿಶೇಷವುಂಟು. ಕಾಲಾನುಕ್ರಮದಲ್ಲಿ ಜೋಡಿಸಿದ್ದರೆ ನಾಗಸಾಕಿಯ ‘ಫ್ಯಾಟ್ ಮ್ಯಾನ್’ ಎಷ್ಟೋ ಮೊದಲೇ ಬರಬೇಕಾಗಿತ್ತು. ಒಂಬತ್ತನೆಯ ಕೃತಿ ‘ತ್ಸಾರ್’. 1961ರ ಅಕ್ಟೋಬರ್ 30ರಂದು ಸೋವಿಯೆತ್ ರಷ್ಯ ನೊವಾಯ ಝೆಮ್ಲ್ಯಾ ದ್ವೀಪದ ಮೇಲೆ ಪರೀಕ್ಷಿಸಿದ, ಸುಮಾರು ಐವತ್ತು ಮೆಗಾಟನ್ನಿನ ದೈತ್ಯ ಬಾಂಬಿನ ಹೆಸರು ಅದು. ಮುದ್ರಿಕೆ ಆ ದೈತ್ಯನಲ್ಲಿ ಮುಗಿಯದೆ, ಹಿಂದಿರುಗಿ 1945ರ ಆಗಸ್ಟ್ 9ಕ್ಕೆ ಬಂದು ‘ಫ್ಯಾಟ್ ಮ್ಯಾನ್’ನಲ್ಲಿ ನಿಲ್ಲುತ್ತದೆ. ಮನುಷ್ಯರ ಮೇಲೆ ಬಿದ್ದ ಅಣುಬಾಂಬುಗಳಲ್ಲಿ ಇದುವರೆಗೆ ಅದೇ ಕೊನೆಯದು. ಅದು ಕೊನೆಯದಾಗಿಯೇ ಉಳಿಯಬೇಕೆಂಬುದು ಹಾರೈಕೆಯೋ ಎಚ್ಚರಿಕೆಯೋ, ವಾದ್ಯ ಹೇಳುವುದಿಲ್ಲ.